ಪಕ್ಕದ ಮನೆಯ ಅಜ್ಜನಿಗೆ ದುಆ ಮಾಡಿದ್ದು ತಪ್ಪಾ?

ಸಂಪಾದಕರ ಉತ್ತರ

ನಾಪೋಕ್ಲು ಕಡೆಯ ಸಹೋದರಿಯೊಬ್ಬರು ದೊಡ್ಡ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ, ಸಾರ ಇಷ್ಟು. ಪಕ್ಕದ ತೋಟದ ಕೊಡವ ಅಜ್ಜ ಹಾಸಿಗೆ ಹಿಡಿದಿದ್ದರು. 'ನಿನ್ನ ನಮಾಜಲ್ಲಿ ಇವರಿಗೂ ಒಂಚೂರು ಕೇಳಮ್ಮ' ಎಂದು ಅಜ್ಜಿ ಹೇಳಿದರು. ಇವರು ಮಗ್ರಿಬ್ (ಸೂರ್ಯಾಸ್ತದ ನಮಾಜ್) ಆದ ಮೇಲೆ ದಿನವೂ ದುಆ ಮಾಡಿ (ಪ್ರಾರ್ಥಿಸಿ) ಬೇಡಿದರು. ಮೈದುನನಿಗೆ ಗೊತ್ತಾಗಿ, 'ಬೇರೆ ಧರ್ಮದವರಿಗೆ ದುಆ ಮಾಡೋದು ಹರಾಂ' ಎಂದರಂತೆ. ಅಷ್ಟರಲ್ಲಿ ಅಜ್ಜ ತೀರಿಕೊಂಡರು. ಬೇಡಿದ್ದು ತಪ್ಪಾಯಿತಾ? ಇನ್ನು ಮುಂದೆ ಅವರಿಗಾಗಿ ಬೇಡಬಹುದಾ? ಆ ಮನೆಯ ಮಾದಕ್ಕೆ (ಕೊಡವರ ತಿಥಿ ಕಾರ್ಯಕ್ಕೆ) ಹೋಗಬಹುದಾ? ಇವು ಅವರ ಪ್ರಶ್ನೆಗಳು.

ಸಹೋದರೀ, ಮೊದಲನೆಯದಕ್ಕೆ ಉತ್ತರ ಸುಲಭ. ನೀವು ಮಾಡಿದ್ದು ಸರಿ. ಮೈದುನ ಎರಡು ಬೇರೆ ಬೇರೆ ಮಸ್‌ಅಲಗಳನ್ನು (ಧಾರ್ಮಿಕ ಪ್ರಶ್ನೆಗಳನ್ನು) ಒಂದೇ ಗೋಣಿಗೆ ತುಂಬಿದ್ದಾರೆ, ಅಷ್ಟೇ.

ನಮ್ಮ ಕೊಡಗಿನ ಮಹಲ್ಲುಗಳಲ್ಲಿ (ಮಸೀದಿ ವ್ಯಾಪ್ತಿಗಳಲ್ಲಿ) ಹೆಚ್ಚಿನವು ಶಾಫಿಈ ಮದ್‌ಹಬಿನವು (ಧರ್ಮಶಾಸ್ತ್ರ ಪಂಥದವು). ಹಾಗಾಗಿ ಆ ಮದ್‌ಹಬಿನ ಇಮಾಮ್ ನವವಿಯವರ ಮಾತನ್ನೇ ನೋಡೋಣ. 1277ರಲ್ಲಿ ತೀರಿಕೊಂಡ ಅವರು ದುಆಗಳ ಬಗ್ಗೆ ಬರೆದ 'ಅಲ್ ಅದ್ಕಾರ್' ನಮ್ಮ ದರ್ಸ್‌ಗಳಲ್ಲಿ (ಧಾರ್ಮಿಕ ಪಾಠಗಳಲ್ಲಿ) ಉಸ್ತಾದರು ಕೈಯಲ್ಲಿ ಹಿಡಿಯುವ ಕಿತಾಬು. ಮುಸ್ಲಿಮೇತರ ನಿಮಗೊಂದು ಉಪಕಾರ ಮಾಡಿದರೆ ಏನು ಹೇಳಬೇಕು ಎಂಬ ಭಾಗ ಅದರಲ್ಲಿದೆ. ಅವನಿಗೆ ಮಗ್‌ಫಿರತ್ (ಪಾಪಕ್ಷಮೆ) ಬೇಡುವಂತಿಲ್ಲ, ಆದರೆ ಹಿದಾಯತ್ (ಸನ್ಮಾರ್ಗ), ದೇಹಾರೋಗ್ಯ, ಆಫಿಯತ್ (ಕ್ಷೇಮ) ಬೇಡಬಹುದು ಎಂದು ಬಿಡಿಸಿ ಬರೆದಿದ್ದಾರೆ. ಅಲ್ಲೇ ಒಂದು ವರದಿಯನ್ನೂ ಕೊಡುತ್ತಾರೆ. ಪ್ರವಾದಿಯವರು(ಸ) ನೀರು ಕೇಳಿದಾಗ ಒಬ್ಬ ಯಹೂದಿ ತಂದುಕೊಟ್ಟ. 'ಅಲ್ಲಾಹನು ನಿನ್ನನ್ನು ಸುಂದರನನ್ನಾಗಿಡಲಿ' ಎಂದು ಅವರು ಹರಸಿದರು. ಸಾಯುವವರೆಗೂ ಅವನ ತಲೆಯಲ್ಲಿ ಒಂದು ಬಿಳಿ ಕೂದಲು ಕಾಣಲಿಲ್ಲವಂತೆ.

ಇದಕ್ಕಿಂತ ದೊಡ್ಡ ಉದಾಹರಣೆ ಬುಖಾರಿ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹದಲ್ಲಿದೆ. ಮಕ್ಕಾದಲ್ಲಿ ಘೋರ ಬರ. ಜನ ಮೂಳೆ, ಸತ್ತ ಪ್ರಾಣಿ ತಿನ್ನುವ ಹಾಗಾಗಿತ್ತು. ಮಕ್ಕಾದ ಕುರೈಶ್ ಬುಡಕಟ್ಟಿನವರ ಕಾಟ ಮಿತಿಮೀರಿದಾಗ ಪ್ರವಾದಿಯವರೇ ಬೇಡಿ ಬಂದ ಬರ ಅದು. ಆಗ ಅಬೂ ಸುಫ್ಯಾನ್ ಬಂದರು. ಇನ್ನೂ ಇಸ್ಲಾಂ ಸ್ವೀಕರಿಸಿರದ, ಎದುರಾಳಿಗಳ ಮುಖಂಡ. 'ನೀವು ಬಂಧುತ್ವ ಉಳಿಸಿಕೊಳ್ಳಿ ಅಂತೀರಿ. ನಿಮ್ಮ ಜನ ಸಾಯುತ್ತಿದ್ದಾರೆ, ಅಲ್ಲಾಹನಲ್ಲಿ ಬೇಡಿ' ಎಂದರು. ಪ್ರವಾದಿಯವರು ಬೇಡಿದರು, ಮಳೆ ಬಂತು. ಎದುರು ನಿಂತವರಿಗೇ ಮಳೆ ಬೇಡಬಹುದಾದರೆ, ಹಬ್ಬಕ್ಕೆ ಬಾಳೆಗೊನೆ ಕಳಿಸುತ್ತಿದ್ದ ಪಕ್ಕದ ಮನೆಯ ಅಜ್ಜನಿಗೆ ಆರೋಗ್ಯ ಬೇಡಬಾರದಾ?

2018ರ ಆಗಸ್ಟನ್ನು ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರುತ್ತಿದ್ದಾಗ ನಮ್ಮ ಬಾಯಲ್ಲಿ ಇದ್ದದ್ದು ಪ್ರವಾದಿಯವರು ಕಲಿಸಿದ ದುಆ: 'ನಮ್ಮ ಸುತ್ತ ಸುರಿಯಲಿ, ನಮ್ಮ ಮೇಲೆ ಬೇಡ.' ಮುಂದೆ ಗುಡ್ಡಗಳ ಮೇಲೆ, ಕಣಿವೆಗಳಲ್ಲಿ ಸುರಿಯಲಿ ಎಂದು ಬರುತ್ತದೆ. ನಮ್ಮೂರಲ್ಲಿ ಗುಡ್ಡದ ಮೇಲೆ ಸುರಿದದ್ದೇ ಗಂಡಾಂತರವಾಯಿತು, ಆ ಮಾತು ಬೇರೆ. 'ನಮ್ಮ' ಎಂದಾಗ ಜಮಾಅತಿನ ರಿಜಿಸ್ಟರ್‌ನಲ್ಲಿ ಹೆಸರಿದ್ದ ಮನೆಗಳನ್ನಷ್ಟೇ ಯಾರಾದರೂ ಮನಸ್ಸಲ್ಲಿ ಇಟ್ಟುಕೊಂಡಿದ್ದರಾ?

ಎರಡನೇ ಪ್ರಶ್ನೆ ಕಷ್ಟದ್ದು. ನಿಮಗೆ ಹಿತವಾಗಲಿ ಎಂದು ತಿರುಚಿ ಹೇಳಲಾರೆ. ಬೇರೆ ನಂಬಿಕೆಯಲ್ಲಿ ತೀರಿಕೊಂಡವರಿಗೆ ಮಗ್‌ಫಿರತ್ ಬೇಡುವಂತಿಲ್ಲ ಎಂಬುದು ನಾಲ್ಕೂ ಮದ್‌ಹಬ್‌ಗಳ ನಿಲುವು. ಕುರ್‌ಆನಿನ ತೌಬಾ ಅಧ್ಯಾಯದ 113ನೇ ಆಯತ್ (ವಚನ) ಇದಕ್ಕೆ ಆಧಾರ, ಹತ್ತಿರದ ಬಂಧುಗಳಾದರೂ ಸರಿ ಎಂದು ಅದರಲ್ಲೇ ಇದೆ. ಪ್ರವಾದಿಯವರು ತಮ್ಮ ತಾಯಿಗೆ ಮಗ್‌ಫಿರತ್ ಬೇಡಲು ಅನುಮತಿ ಕೇಳಿದರು, ಸಿಗಲಿಲ್ಲ. ಕಬರಿಗೆ ಭೇಟಿ ಕೊಡಲು ಕೇಳಿದರು, ಸಿಕ್ಕಿತು. 'ಸಹೀಹ್ ಮುಸ್ಲಿಂ' ಎಂಬ ಹದೀಸ್ ಸಂಗ್ರಹದಲ್ಲಿರುವ ಈ ಹದೀಸಿನ ಪ್ರಕಾರ ಅವರು ಅಲ್ಲಿ ಅತ್ತರು, ಜೊತೆಗಿದ್ದವರೂ ಅತ್ತರು. ಅನುಮತಿ ಸಿಗದಿದ್ದರೂ ಅಳು ತಪ್ಪಾಗಲಿಲ್ಲ, ಗಮನಿಸಿ. ನೀವೂ ಅಳಬಹುದು.

ಇಲ್ಲೇ ನಮ್ಮವರು ಒಂದು ಹೆಜ್ಜೆ ಜಾಸ್ತಿ ಇಡುತ್ತಾರೆ. ಬೇಡುವಂತಿಲ್ಲ ಎನ್ನುವುದು ನಮಗಿರುವ ನಿಯಮ. ಆ ಅಜ್ಜ ಎಲ್ಲಿಗೆ ಹೋದರು ಎಂದು ತೀರ್ಪು ಕೊಡುವ ಕೆಲಸ ನಮ್ಮದಲ್ಲ. ಸಂದೇಶ ಸರಿಯಾಗಿ ತಲುಪದವರಿಗೆ, ತಿರುಚಿ ತಲುಪಿದವರಿಗೆ ವಿನಾಯಿತಿ ಇದೆ ಎಂದು ದೊಡ್ಡ ವಿದ್ವಾಂಸರಾದ ಇಮಾಮ್ ಗಝ್ಝಾಲಿಯವರೇ ಬರೆದಿದ್ದಾರೆ. ಯಾರಿಗೆ ಹೇಗೆ ತಲುಪಿತು ಎಂಬ ಲೆಕ್ಕ ಅಲ್ಲಾಹನ ಬಳಿ ಇದೆ, ನಿಮ್ಮ ಮೈದುನನ ಬಳಿ ಇಲ್ಲ. ಸಾವಿನ ಮನೆ ಪಕ್ಕದಲ್ಲೇ ನಿಂತು ಇಂಥ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿಯವರು ಎದ್ದು ನಿಂತರು. ಯಾಕೆ ಎಂದವರಿಗೆ, 'ಅದೂ ಒಂದು ಜೀವವಲ್ಲವೇ?' ಎಂದರು.

ಮಾದಕ್ಕೆ ಹೋಗುವ ವಿಚಾರ. ಅವರ ಪೂಜೆ, ವಿಧಿಗಳಲ್ಲಿ ಭಾಗವಹಿಸಬೇಡಿ. ನೀವು ಭಾಗವಹಿಸಬೇಕೆಂದು ಆ ಮನೆಯವರೂ ಬಯಸುವುದಿಲ್ಲ. ಉಳಿದಂತೆ ಧಾರಾಳವಾಗಿ ಹೋಗಿ, ಅಜ್ಜಿಯ ಪಕ್ಕ ಕೂತುಕೊಳ್ಳಿ. ಇಂಥವರಿಗೆ ಸಾಂತ್ವನ ಹೇಳುವ ಮಾತನ್ನೂ ನವವಿಯವರು ಕೊಟ್ಟಿದ್ದಾರೆ: 'ಅಲ್ಲಾಹನು ನಿಮ್ಮ ನಷ್ಟ ತುಂಬಿಕೊಡಲಿ.' ಧರ್ಮದ ಹೆಸರಲ್ಲಿ ನಿಮ್ಮೊಡನೆ ಹೋರಾಡದ, ಮನೆಯಿಂದ ನಿಮ್ಮನ್ನು ಹೊರಹಾಕದ ಜನರಿಗೆ ಒಳಿತು ಮಾಡುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂದು ಮುಮ್ತಹಿನಾ ಅಧ್ಯಾಯದ 8ನೇ ಆಯತ್ ಹೇಳುತ್ತದೆ.

ಇನ್ನೊಂದು ಮಾತು. ಕೆಲವರು ಹಿದಾಯತ್ ಬೇಡುವುದನ್ನೂ ಚುಚ್ಚು ಮಾತು ಮಾಡಿಬಿಡುತ್ತಾರೆ, 'ನಿನಗೆ ಹಿದಾಯತ್ ಸಿಗಲಿ' ಎಂದು ಮುಖಕ್ಕೇ ಹೇಳಿ. ಒಳ್ಳೆಯದು ಬೇಡುವುದಾದರೆ ಸುಮ್ನೆ ಸುಜೂದಿನಲ್ಲಿ (ನಮಾಜಿನಲ್ಲಿ ಹಣೆ ನೆಲಕ್ಕಿಟ್ಟಾಗ) ಬೇಡಿದರೆ ಸಾಕು, ಅಲ್ವಾ?

ಅಜ್ಜಿಗೆ ಮಂಡಿನೋವು, ಮಗ ಬೆಂಗಳೂರಲ್ಲಿ, ತೋಟ ನೋಡುವವರಿಲ್ಲ ಎಂದೂ ಬರೆದಿದ್ದೀರಿ. ಮಗ್ರಿಬ್ ನಂತರದ ಆ ದುಆವನ್ನು ಇನ್ನು ಅಜ್ಜಿಗಾಗಿ ಮುಂದುವರಿಸಿ. ಮೈದುನ ಮತ್ತೆ ತಕರಾರು ಮಾಡಿದರೆ ವಾದ ಬೇಡ. ಮಸೀದಿಯ ಉಸ್ತಾದರ ಬಳಿ ಕಳಿಸಿ, ಅದ್ಕಾರಿನ ಆ ಪುಟ ತೆಗೆದು ತೋರಿಸಲು ಹೇಳಿ.