ಪ್ರಶ್ನೋತ್ತರ: ಹಿಮ ಬೀಳುವ ಊರಿನಲ್ಲಿ ಅಚ್ಚಿನ ಕಾಂಕ್ರೀಟ್

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ಮಿನಿಯಾಪೊಲಿಸ್ ಹೊರವಲಯದಲ್ಲಿ ಮನೆ ಕೊಂಡಿದ್ದಾರೆ. ರಸ್ತೆಯಿಂದ ಗ್ಯಾರೇಜಿನವರೆಗಿನ ಕಾರು ದಾರಿಗೂ ಹಿತ್ತಲಿನ ಅಂಗಳಕ್ಕೂ ಕಲ್ಲುಹಾಸಿನಂತೆ ಕಾಣುವ ಸ್ಟ್ಯಾಂಪ್ಡ್ (ಹಸಿಯಿರುವಾಗಲೇ ಅಚ್ಚೊತ್ತಿದ) ಕಾಂಕ್ರೀಟ್ ಹಾಕಿಸುವ ಆಸೆ ಅವರದು. ಅಕ್ಟೋಬರಿನಲ್ಲಿ ಮಾಡಿಸಿದರೆ ದರ ಕಡಿಮೆ ಮಾಡುತ್ತೇವೆ ಎಂದು ಗುತ್ತಿಗೆದಾರರು ಹೇಳಿದ್ದಾರಂತೆ. ಒಪ್ಪಬಹುದೇ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಟೋಬರ್ ಬೇಡವೆಂದು ಮಗಳಿಗೆ ಇಂದೇ ತಿಳಿಸಿರಿ. ಮಿನಿಯಾಪೊಲಿಸ್ ಸುತ್ತಮುತ್ತ ಅಕ್ಟೋಬರ್ ಮೊದಲ ಭಾಗದಲ್ಲೇ ರಾತ್ರಿಯ ಉಷ್ಣಾಂಶ ಸೊನ್ನೆ ಡಿಗ್ರಿ ಮುಟ್ಟುವುದು ಸಾಮಾನ್ಯ. ಹೊಸ ಕಾಂಕ್ರೀಟಿನ ಮೇಲೆ ಕಂಬಳಿ ಹೊದಿಸಿ ಮೊದಲ ರಾತ್ರಿಗಳನ್ನು ದಾಟಿಸಬಹುದು. ಒಮ್ಮೆ ಹೆಪ್ಪುಗಟ್ಟಿದರೂ ಕೆಡದಿರಲು ಸುಮಾರು 500 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್) ಬಲ ಬಂದಿದ್ದರೆ ಸಾಕು. ಆದರೆ ಇಡೀ ಚಳಿಗಾಲ ನೀರು ಕುಡಿದು, ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವುದನ್ನು ತಾಳಬೇಕಾದರೆ ಕ್ಯೂರಿಂಗ್ (ತೇವ ಆರದಂತೆ ಕಾಪಾಡಿ ಗಟ್ಟಿಯಾಗಿಸುವುದು) ಸರಿಯಾಗಿ ಮುಗಿದು, ಆ ಮೇಲೆ ಒಳಗಿನ ಹೆಚ್ಚುವರಿ ನೀರು ಆರಲು ಕನಿಷ್ಠ ಒಂದು ತಿಂಗಳಾದರೂ ಸಿಗಬೇಕು. ಅಕ್ಟೋಬರಿನಲ್ಲಿ ಹಾಕಿದ ಕಾಂಕ್ರೀಟಿಗೆ ಆ ತಿಂಗಳು ಸಿಗುವುದೇ ಇಲ್ಲ. ಚಳಿಯಲ್ಲಿ ಬೇಗ ಬಿಗಿಯಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ರೂಢಿಯೂ ಉಂಟು. ಬಣ್ಣದ ಕಾಂಕ್ರೀಟಿಗೆ ಅದು ಸೇರಿದರೆ ಅಲ್ಲಲ್ಲಿ ಕಪ್ಪು ಕಲೆ ಮೂಡುತ್ತದೆ. ನೀರು ಇಳಿಯದಂತೆ ಮೇಲೆ ಬಳಿಯುವ ಸೀಲರ್ ಸರಿಯಾಗಿ ಹಿಡಿಯಲು ಸುಮಾರು 10 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶ ಬೇಕು, ಅದೂ ಆಗ ಕಷ್ಟ. ಮೇ ಕೊನೆಯಿಂದ ಆಗಸ್ಟ್ ಒಳಗೆ ಕೆಲಸ ಮುಗಿಯುವಂತೆ ದಿನ ಗೊತ್ತು ಮಾಡಲಿ, ದರ ಸ್ವಲ್ಪ ಹೆಚ್ಚಾದರೂ ಸರಿಯೇ.

ಅಚ್ಚಿನ ವಿನ್ಯಾಸ ಯಾವುದು, ಬಣ್ಣ ಯಾವುದು ಎಂಬ ಮಾತುಕತೆಯಲ್ಲೇ ಎಲ್ಲರ ಸಮಯ ಹೋಗುತ್ತದೆ. ಹಾಸು ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ನೀರು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ತುಂಬಿದ ನೀರಿಗೆ ಹಿಗ್ಗಲು ಜಾಗವಿಲ್ಲದಿದ್ದರೆ ಅದು ಸಿಮೆಂಟನ್ನೇ ಒಡೆದು ಜಾಗ ಮಾಡಿಕೊಳ್ಳುತ್ತದೆ. ಇದಕ್ಕೆ ಪರಿಹಾರ ತಿಳಿದದ್ದು 1930ರ ದಶಕದಲ್ಲಿ: ಅಮೆರಿಕದ ಕೆಲವು ರಸ್ತೆಗಳು ಮಾತ್ರ ಹಿಮಕ್ಕೆ ಜಗ್ಗದೆ ಉಳಿದದ್ದೇಕೆಂದು ಹುಡುಕಿದಾಗ, ಸಿಮೆಂಟ್ ಅರೆಯುವಾಗ ಸೇರಿದ್ದ ಕೊಬ್ಬಿನಂಥ ಪದಾರ್ಥ ಕಾಂಕ್ರೀಟಿನೊಳಗೆ ಸೂಕ್ಷ್ಮ ಗಾಳಿಗುಳ್ಳೆಗಳನ್ನು ಹುಟ್ಟಿಸಿತ್ತೆಂದು ಗೊತ್ತಾಯಿತು. ಇಂದು ಆ ಗುಳ್ಳೆಗಳನ್ನು ಬೇಕೆಂದೇ ಬೆರೆಸುತ್ತಾರೆ. ಹಿಗ್ಗುವ ನೀರಿಗೆ ಅವು ಹತ್ತಿರದಲ್ಲೇ ಖಾಲಿ ಜಾಗ ಒದಗಿಸುತ್ತವೆ. ಅಲ್ಲಿನ ಹೊರಾಂಗಣದ ಕಾಂಕ್ರೀಟಿಗೆ ಒಟ್ಟು ಗಾತ್ರದ ಶೇಕಡಾ 5ರಿಂದ 8ರಷ್ಟು ಗಾಳಿ, ಸಿಮೆಂಟಿನ ತೂಕಕ್ಕೆ ನೀರಿನ ತೂಕದ ಪ್ರಮಾಣ 0.45ಕ್ಕಿಂತ ಕಡಿಮೆ, ಬಲ 4500 ಪಿಎಸ್‌ಐ, ಈ ಮೂರನ್ನೂ ಕರಾರು ಪತ್ರದಲ್ಲಿ ಬರೆಸಿಕೊಳ್ಳಬೇಕು. ಅಲ್ಲಿ ಕಾಂಕ್ರೀಟಿನ ಸಿಲಿಂಡರ್ ಒಡೆದು ಬಲ ನೋಡುತ್ತಾರೆ, ನಮ್ಮಲ್ಲಿ ಘನ ಒಡೆಯುತ್ತೇವೆ. ನಮ್ಮ ಲೆಕ್ಕಕ್ಕೆ ಇದು ಎಂ 35 ಮತ್ತು ಎಂ 40 ದರ್ಜೆಗಳ ನಡುವೆ ಬರುತ್ತದೆ. ರೆಡಿಮಿಕ್ಸ್ ಲಾರಿ ಬಂದಾಗ ಗಾಳಿಯನ್ನು ಅಳೆಯುವ ಮಾಪಕವಿರುವ ಪಾತ್ರೆಯಲ್ಲಿ ಸ್ಥಳದಲ್ಲೇ ಪರೀಕ್ಷೆ ಮಾಡಿಸಲಿ. ಗಟ್ಟಿಯಾಯಿತೆಂದು ಡ್ರಮ್ಮಿಗೆ ಪೈಪ್ ಹಿಡಿದು ನೀರು ಬಿಡಲು ಹೊರಟವರನ್ನು ಅಲ್ಲೇ ತಡೆಯಲಿ.

ಅಚ್ಚಿನ ಕೆಲಸದಲ್ಲಿ ಅಪಾಯ ಹೆಚ್ಚಿರುವುದು ಮೇಲ್ಮೈಯಲ್ಲಿ. ಕಾಂಕ್ರೀಟ್ ಹರಡಿ, ಮಟ್ಟ ಮಾಡಿ, ಮೇಲೆ ಒಸರಿದ ನೀರು ಆರುವವರೆಗೆ ಕಾಯಬೇಕು. ಹೆಬ್ಬೆರಳಿನಿಂದ ಒತ್ತಿದರೆ ಕಾಲು ಅಂಗುಲದಷ್ಟು ಗುರುತು ಬಿದ್ದು ಬೆರಳಿಗೆ ಸಿಮೆಂಟ್ ಅಂಟದಿದ್ದರೆ ಅಚ್ಚು ಇಡುವ ಹದ ಬಂದಂತೆ. ಆ ಹದ ತಪ್ಪಿ ಗಟ್ಟಿಯಾದಾಗ ಕೆಲಸಗಾರರು ನೀರು ಚಿಮುಕಿಸಿ ಕರಣೆಯಿಂದ ಮತ್ತೆ ಮತ್ತೆ ತಿಕ್ಕುತ್ತಾರೆ. ಹಾಗೆ ತಿಕ್ಕಿದರೆ ಮೇಲಿನ ಪದರದ ಗಾಳಿಗುಳ್ಳೆಗಳು ಹೊರಟುಹೋಗಿ, ಅಲ್ಲಿ ಉಳಿಯುವುದು ಬಲವಿಲ್ಲದ ಸಿಮೆಂಟ್ ಹಾಲು ಮಾತ್ರ. ಹಿಮವೂ ಅದನ್ನು ಕರಗಿಸಲು ಎರಚುವ ಉಪ್ಪೂ ಮೊದಲು ತಾಕುವುದು ಅದೇ ಪದರಕ್ಕೆ. ಮೇಲೆ ಪುಡಿ ಎರಚಿ ಬಣ್ಣ ಕೊಡುವ ವಿಧಾನದಲ್ಲೂ ಇಂಥದೇ ತೊಡಕಿದೆ. ಗಾಳಿ ಸೇರಿಸಿದ ಕಾಂಕ್ರೀಟಿನಲ್ಲಿ ನೀರು ಮೇಲಕ್ಕೆ ಒಸರುವುದು ಕಡಿಮೆಯಾದ್ದರಿಂದ ಪುಡಿ ಚೆನ್ನಾಗಿ ನೆನೆಯದೆ, ಮುಂದೆ ಪದರವಾಗಿ ಕಳಚಬಹುದು. ನುರಿತ ಕೈ ಇದ್ದರೆ ಅದನ್ನೂ ಸರಿಯಾಗಿ ಮಾಡುತ್ತಾರೆ, ಆದರೂ ಮಿಕ್ಸಿನಲ್ಲೇ ಬಣ್ಣ ಬೆರೆಸುವುದು ಲೇಸೆಂದು ನನ್ನ ಸಲಹೆ.

ಇನ್ನು ನೆಲ. ದಾವಣಗೆರೆಯ ಎರೆ ಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ ಮನೆಗಳ ಗೋಡೆ ಬಿರಿಯುವುದನ್ನು ನೀವು ಕಂಡಿರುತ್ತೀರಿ. ಮಗಳ ಊರಿನಲ್ಲಾದರೋ ಜೇಡಿಯಂಥ ಸಣ್ಣ ಮಣ್ಣಿನಲ್ಲಿ ಹೆಪ್ಪುಗಟ್ಟಿದ ನೀರು ಕೆಳಗಿನಿಂದ ಇನ್ನಷ್ಟು ನೀರನ್ನು ಎಳೆದುಕೊಂಡು ಮಂಜಿನ ಪದರಗಳಾಗಿ ಬೆಳೆದು, ಹಾಸನ್ನೇ ಮೇಲಕ್ಕೆತ್ತುತ್ತದೆ. ಮಿನಿಯಾಪೊಲಿಸ್ ಭಾಗದಲ್ಲಿ ಮನೆಯ ಅಡಿಪಾಯ 42 ಅಂಗುಲ ಆಳಕ್ಕೆ ಇಳಿಯಬೇಕೆಂಬ ನಿಯಮವಿರುವುದು ಈ ಕಾರಣಕ್ಕೇ. ಅಂಗಳದ ಹಾಸಿಗೆ ಅಂಥ ಅಡಿಪಾಯವಿಲ್ಲ, ಅದು ನೆಲದೊಂದಿಗೆ ಸ್ವಲ್ಪ ಏಳುತ್ತದೆ, ಇಳಿಯುತ್ತದೆ. ಹಾಗಾಗಿ ಗ್ಯಾರೇಜಿನ ಗೋಡೆಗೂ ಹಾಸಿಗೂ ನಡುವೆ ಮೆತ್ತನೆಯ ಪಟ್ಟಿ ಇಟ್ಟು ಎರಡನ್ನೂ ಬೇರ್ಪಡಿಸಬೇಕು. ಹಾಸಿನ ಕೆಳಗೆ ಕನಿಷ್ಠ 6ರಿಂದ 8 ಅಂಗುಲ ಜಲ್ಲಿ ಹಾಕಿ ದಮ್ಮಸು ಮಾಡಿಸಲಿ. ಅಡಿಗೆ ಕಾಲು ಅಂಗುಲದಂತೆ ಮನೆಯಿಂದ ಹೊರಕ್ಕೆ ವಾಟವಿರಲಿ. ಅಂಗಳಕ್ಕೆ 4 ಅಂಗುಲ ದಪ್ಪ, ಕಾರು ಓಡುವಲ್ಲಿ 5 ಅಂಗುಲ. ಸುಮಾರು 8ರಿಂದ 10 ಅಡಿಗೊಂದರಂತೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಗೀರು ಜಾಯಿಂಟ್ ಕೊಯ್ಯಿಸಬೇಕು. ವಿನ್ಯಾಸ ಕೆಡುತ್ತದೆಂದು ಜಾಯಿಂಟ್ ಬಿಟ್ಟರೆ ಬಿರುಕು ತನ್ನ ದಾರಿಯನ್ನು ತಾನೇ ಹುಡುಕುತ್ತದೆ, ಅದು ಇನ್ನೂ ಅಸಹ್ಯ.

ಕೊನೆಯದಾಗಿ ನನ್ನ ಸ್ಪಷ್ಟ ಅಭಿಪ್ರಾಯ: ಹಿತ್ತಲಿನ ಅಂಗಳಕ್ಕೆ ಅಚ್ಚು ಹಾಕಿಸಲಿ, ಕಾರು ದಾರಿಗೆ ಪೊರಕೆ ಎಳೆದ ಸಾದಾ ಕಾಂಕ್ರೀಟೇ ಇರಲಿ. ನಾವು ಉಪ್ಪು ಹಾಕದಿದ್ದರೂ ರಸ್ತೆಯ ಉಪ್ಪನ್ನು ಕಾರಿನ ಚಕ್ರಗಳು ದಿನವೂ ಹೊತ್ತು ತರುತ್ತವೆ. ಅಂಚಿಗೆ ಎರಡಡಿ ಅಗಲದ ಅಚ್ಚಿನ ಪಟ್ಟಿ ಕೊಟ್ಟರೆ ನೋಟಕ್ಕೆ ಕೊರತೆಯಾಗದು.

ಪ್ರಶ್ನೆ: ಕೆನಡಾದ ಟೊರೊಂಟೊ ಬಳಿ ಇರುವ ನನ್ನ ತಮ್ಮನ ಮನೆಯ ಅಚ್ಚಿನ ಹಾಸು ಮೊದಲ ಚಳಿಗಾಲದಲ್ಲೇ ಹಕ್ಕಳೆ ಎದ್ದಿದೆ. ಉಪ್ಪು ಹಾಕಿದ್ದೇ ತಪ್ಪು ಎಂದು ಕೆಲಸ ಮಾಡಿದವರು, ಕಾಂಕ್ರೀಟೇ ಕಳಪೆ ಎಂದು ನೆರೆಯವರು. ಪ್ರತಿ ವರ್ಷ ಸೀಲರ್ ಬಳಿದರೆ ನಿಲ್ಲುತ್ತದೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಮೊದಲು ಕುಳಿಗಳನ್ನು ಹತ್ತಿರದಿಂದ ನೋಡಲು ಹೇಳಿ. ಕಾಸಿನಗಲದ ಕುಳಿ, ಅದರ ತಳದಲ್ಲಿ ಒಡೆದ ಒಂದೇ ಜಲ್ಲಿಕಲ್ಲು ಕಂಡರೆ ದೋಷ ಆ ಕಲ್ಲಿನದು; ನೀರು ಹೀರುವ ಕಲ್ಲು ಹೆಪ್ಪುಗಟ್ಟಿ ಸಿಡಿದಿದೆ. ಉಗುರಿನಷ್ಟು ತೆಳ್ಳನೆಯ ಹಕ್ಕಳೆಗಳು ಅಗಲವಾಗಿ ಎದ್ದು, ಕೆಳಗೆ ಹಲವು ಜಲ್ಲಿಕಲ್ಲುಗಳು ಗಟ್ಟಿಯಾಗಿಯೇ ತಲೆ ತೋರುತ್ತಿದ್ದರೆ ಮೇಲಿನ ಪದರ ದುರ್ಬಲವಾಗಿದೆ ಎಂದರ್ಥ, ಉಪ್ಪು ಅದನ್ನು ಬಯಲಿಗೆ ತಂದಿದೆ. ಗಾಳಿ ಸರಿಯಾಗಿದ್ದು ಚೆನ್ನಾಗಿ ಆರಿದ ಕಾಂಕ್ರೀಟ್ ಸಾಧಾರಣ ಪ್ರಮಾಣದ ಉಪ್ಪನ್ನು ತಾಳಿಕೊಳ್ಳುತ್ತದೆ. ಆದರೂ ಮೊದಲ ಚಳಿಗಾಲದಲ್ಲಿ ಯಾವ ಉಪ್ಪನ್ನೂ ಹಾಕಲೇಬಾರದೆಂದು ಕೆಲಸ ಮಾಡಿದವರು ಮೊದಲೇ ಹೇಳಬೇಕಿತ್ತು.

ಉಪ್ಪು ಮಂಜನ್ನು ಕರಗಿಸಿ ನೀರಾಗಿಸುತ್ತದೆ, ಆ ನೀರು ಒಳಗಿಳಿದು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ; ಇದರಿಂದ ಹೆಪ್ಪುಗಟ್ಟಿ ಕರಗುವ ಸರದಿಗಳ ಸಂಖ್ಯೆಯೇ ಹೆಚ್ಚುತ್ತದೆ. ಅಚ್ಚರಿಯೆಂದರೆ, ಮೇಲ್ಮೈಗೆ ಅತಿ ಹೆಚ್ಚು ಹಾನಿ ಮಾಡುವುದು ಗಾಢ ಉಪ್ಪುನೀರಲ್ಲ, ಸುಮಾರು ಶೇಕಡಾ 3ರಷ್ಟು ತೆಳುವಾದದ್ದು. ಆದ್ದರಿಂದ ಸ್ವಲ್ಪವೇ ಹಾಕಿದೆವು ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಜಾರದಿರಲು ಮರಳು ಎರಚುವುದು ಎಲ್ಲಕ್ಕಿಂತ ಕ್ಷೇಮ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಇರುವ ಪುಡಿಗಳನ್ನು ಎಂದಿಗೂ ಬಳಸಬಾರದು. ಗೊಬ್ಬರಗಳಲ್ಲಿ ಬಳಕೆಯಾಗುವ ಈ ರಾಸಾಯನಿಕಗಳು ಹೆಪ್ಪಿನ ನೆರವಿಲ್ಲದೆಯೂ ಸಿಮೆಂಟನ್ನೇ ತಿನ್ನುತ್ತವೆ. ಹಿಮ ತೆಗೆಯಲು ಪ್ಲಾಸ್ಟಿಕ್ ಅಂಚಿನ ಸಲಿಕೆ ಇರಲಿ. ಕಬ್ಬಿಣದ ಅಂಚು ಅಚ್ಚಿನ ಉಬ್ಬುಗಳನ್ನು ಕೆತ್ತಿಹಾಕುತ್ತದೆ.

ಸೀಲರ್ ವಿಷಯದಲ್ಲಿ, ಪ್ರತಿ ವರ್ಷ ಬಳಿಯುವುದು ಬೇಡ. ಅಕ್ರಿಲಿಕ್ ಸೀಲರ್ ಮೇಲೆ ಹೊಳೆಯುವ ಪೊರೆ ಕಟ್ಟುತ್ತದೆ, ಬಣ್ಣ ಎದ್ದು ಕಾಣುತ್ತದೆ. ಆದರೆ ಪದರದ ಮೇಲೆ ಪದರ ಸೇರಿ ದಪ್ಪವಾದರೆ ಕೆಳಗಿನ ತೇವ ಹೊರಬರಲಾಗದೆ ಪೊರೆ ಬೆಳ್ಳಗಾಗಿ ಸುಲಿಯುತ್ತದೆ, ಒದ್ದೆಯಾದಾಗ ವಿಪರೀತ ಜಾರುತ್ತದೆ. ಸಿಲೇನ್, ಸಿಲಾಕ್ಸೇನ್ ಬಗೆಯವು ಒಳಗಿಳಿದು ನೀರನ್ನು ತಡೆಯುತ್ತವೆ, ಆವಿಯನ್ನು ಬಿಟ್ಟುಕೊಡುತ್ತವೆ. ಹೊಳಪು ಕೊಡದಿದ್ದರೂ ಹಿಮದ ಊರಿಗೆ ನಾನು ಇವನ್ನೇ ಹೇಳುತ್ತೇನೆ. ಆದರೆ ಈಗಾಗಲೇ ಅಕ್ರಿಲಿಕ್ ಇರುವ ಹಾಸಿನಲ್ಲಿ ಇವು ಒಳಗಿಳಿಯಲಾರವು, ಹಳೆಯ ಪೊರೆಯನ್ನು ಪೂರ್ತಿ ತೆಗೆಯಬೇಕಾಗುತ್ತದೆ. ಅಕ್ರಿಲಿಕ್ಕೇ ಬೇಕೆಂದರೆ ಎರಡು ಮೂರು ವರ್ಷಗಳಿಗೊಮ್ಮೆ, ನೀರು ಚಿಮುಕಿಸಿದಾಗ ಹನಿಗಟ್ಟದೆ ಇಂಗತೊಡಗಿದ ಮೇಲೆ, ಹಾಸು ಪೂರ್ತಿ ಒಣಗಿದ್ದಾಗ ತೆಳುವಾಗಿ ಬಳಿದು, ಜಾರದಂತೆ ಸಣ್ಣ ರವೆಯಂಥ ಪಾಲಿಮರ್ ಪುಡಿ ಬೆರೆಸಬೇಕು. ಈಗಾಗಲೇ ಎದ್ದ ಹಕ್ಕಳೆಯನ್ನು ಯಾವ ಸೀಲರೂ ಮರಳಿ ಅಂಟಿಸಲಾರದು.

ಪ್ರಶ್ನೆ: ನಾನು ಅಚ್ಚಿನ ಕಾಂಕ್ರೀಟ್ ಕೆಲಸ ಕಲಿತಿದ್ದೇನೆ. ಚಿತ್ರದುರ್ಗದಲ್ಲಿ ಮಾಡುವ ಕೆಲಸಕ್ಕೂ ಗಾಳಿ ಹುಟ್ಟಿಸುವ ಮಿಶ್ರಣ ಬೇಕೇ? ಮನಾಲಿಯಲ್ಲಿ ಒಂದು ಹೋಟೆಲ್ ಅಂಗಳದ ಕೆಲಸಕ್ಕೂ ಕರೆ ಬಂದಿದೆ.
— ಯುವ ಗುತ್ತಿಗೆದಾರ, ಚಿತ್ರದುರ್ಗ

ಉತ್ತರ: ಚಿತ್ರದುರ್ಗಕ್ಕೆ ಬೇಡ. ಗಾಳಿ ಶೇಕಡಾ 1ರಷ್ಟು ಹೆಚ್ಚಿದರೆ ಬಲ ಸುಮಾರು ಶೇಕಡಾ 5ರಷ್ಟು ತಗ್ಗುತ್ತದೆ. ಹೆಪ್ಪುಗಟ್ಟದ ಊರಿನಲ್ಲಿ ಆ ನಷ್ಟ ಏಕೆ? ನಿಮ್ಮ ಶತ್ರುಗಳು ಬಿಸಿಲು ಮತ್ತು ಬೀಸುಗಾಳಿ. ಗಾಳಿಯಂತ್ರಗಳನ್ನೇ ತಿರುಗಿಸುವ ಆ ಗುಡ್ಡದ ಗಾಳಿಗೆ ಮೇಲ್ಮೈ ಬೇಗ ಆರಿ, ಅಚ್ಚು ಇಡುವ ಮೊದಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಬೆಳಗಿನ ಜಾವ ಕೆಲಸ ಆರಂಭಿಸಿ, ಗಾಳಿಗೆ ಪರದೆ ಕಟ್ಟಿ, ಒಮ್ಮೆಗೆ ಅಚ್ಚೊತ್ತಿ ಮುಗಿಸಬಹುದಾದಷ್ಟೇ ಜಾಗಕ್ಕೆ ಕಾಂಕ್ರೀಟ್ ಹಾಕಿರಿ. ಬಣ್ಣದ ಹಾಸಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರೆ ಕಲೆ ಬೀಳುತ್ತದೆ, ಬಣ್ಣಕ್ಕೆ ಹೊಂದುವ ಕ್ಯೂರಿಂಗ್ ದ್ರವ ಸಿಂಪಡಿಸಿರಿ.

ಮನಾಲಿಯ ಕೆಲಸಕ್ಕೆ ಮೇಲಿನ ಉತ್ತರಗಳೆಲ್ಲ ಅನ್ವಯಿಸುತ್ತವೆ. ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯು ಹೆಪ್ಪುಗಟ್ಟುವ ಪ್ರದೇಶದಲ್ಲಿ ಎಂ 50ಕ್ಕಿಂತ ಕೆಳಗಿನ, 20 ಎಂಎಂ ಜಲ್ಲಿಯ ಕಾಂಕ್ರೀಟಿಗೆ ಶೇಕಡಾ 5ರಷ್ಟು, ಒಂದು ಹೆಚ್ಚು ಅಥವಾ ಕಡಿಮೆ, ಗಾಳಿಯನ್ನು ಹೇಳುತ್ತದೆ. ಚಳಿಯಲ್ಲಿ ಕಾಂಕ್ರೀಟ್ ಹಾಕುವ ಕ್ರಮಕ್ಕೆ ಐಎಸ್ 7861ರ ಎರಡನೆಯ ಭಾಗವನ್ನು ಓದಿಕೊಳ್ಳಿರಿ, ಉಷ್ಣಾಂಶ 5 ಡಿಗ್ರಿಗಿಂತ ಇಳಿದಾಗ ಅದು ಅನ್ವಯಿಸುತ್ತದೆ. ಬೇಸಿಗೆಯಲ್ಲೇ ಹೋಗಿ ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಿರಿ.

ಪ್ರಶ್ನೆ: ಹಕ್ಕಳೆ ಎದ್ದ ಹಾಸಿನ ಮೇಲೆ ತೆಳುವಾದ ಹೊಸ ಅಚ್ಚಿನ ಪದರ ಹಾಕಿಸಬಹುದೇ?
— ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಕೆಳಗಿನ ಕಾಂಕ್ರೀಟ್ ಗಟ್ಟಿಯಾಗಿದ್ದರೆ ಮಾತ್ರ. ಸುತ್ತಿಗೆಯಿಂದ ತಟ್ಟಿ ನೋಡಿದಾಗ ಟೊಳ್ಳು ಸದ್ದು ಬರುವ ಭಾಗವನ್ನೆಲ್ಲ ಕೆತ್ತಿ, ದುರ್ಬಲ ಪದರವನ್ನು ಯಂತ್ರದಿಂದ ಉಜ್ಜಿ ತೆಗೆದು, ಪಾಲಿಮರ್ ಬೆರೆತ ಪದರವನ್ನು ಹಾಕಬೇಕು. ಕೆಳಗಿನ ಜಾಯಿಂಟುಗಳನ್ನು ಹೊಸ ಪದರದಲ್ಲೂ ಅದೇ ಜಾಗದಲ್ಲಿ ಕೊಯ್ಯದಿದ್ದರೆ ಬಿರುಕು ಮೇಲಕ್ಕೆ ಬರುತ್ತದೆ. ಹಿಮದ ಊರಿನಲ್ಲಿ ಮೂಲ ಕಾಂಕ್ರೀಟಿಗೆ ಗಾಳಿಯೇ ಸೇರಿಸಿರಲಿಲ್ಲವಾದರೆ ಹೊಸ ಪದರಕ್ಕೆ ಹಣ ಹಾಕದೆ, ಹಳೆಯದನ್ನು ಒಡೆದು ಜಲ್ಲಿಯ ತಳದಿಂದಲೇ ಮತ್ತೆ ಮಾಡಿಸುವುದು ಸರಿ.