ಹಜಾರ್ಡ್‌ಗೂ ಡಿಸಾಸ್ಟರ್‌ಗೂ ಏನು ವ್ಯತ್ಯಾಸ? ನಮ್ಮ ಪುಸ್ತಕದಲ್ಲಿ ಎರಡಕ್ಕೂ ‘ವಿಪತ್ತು’ ಅಂತಲೇ ಇದೆ

ಎರಡಕ್ಕೂ ಒಂದೇ ಪದ ಬಳಸಿದ್ದರಿಂದಲೇ ಈ ಗೊಂದಲ. ಹಜಾರ್ಡ್‌ಗೆ ನಾನು ‘ಗಂಡಾಂತರ’ ಅನ್ನುತ್ತೇನೆ: ಹಾನಿ ಮಾಡಬಲ್ಲ ಭೂಕಂಪ, ನೆರೆ, ಚಂಡಮಾರುತ, ಸೋರಬಲ್ಲ ರಾಸಾಯನಿಕ ಟ್ಯಾಂಕು. ಅದು ಜನರ ಮೇಲೆ ಎರಗಿ, ಊರು ತನ್ನ ಕೈಯಿಂದ ಸುಧಾರಿಸಿಕೊಳ್ಳಲಾರದಷ್ಟು ನಷ್ಟವಾದರೆ ಅದು ಡಿಸಾಸ್ಟರ್, ವಿಪತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ವ್ಯಾಖ್ಯೆಯಲ್ಲೂ ಬಾಧಿತ ಸಮುದಾಯದ ನಿಭಾಯಿಸುವ ಶಕ್ತಿಯನ್ನು ಮೀರಿದ್ದು ಎಂಬ ಷರತ್ತಿದೆ. ಯಾರೂ ಇಲ್ಲದ ಮರುಭೂಮಿಯಲ್ಲಿ ನೆಲ ನಡುಗಿದರೆ ಅದು ಗಂಡಾಂತರವಾಗಿಯೇ ಉಳಿಯುತ್ತದೆ.

ಈ ಎರಡರ ನಡುವೆ ಇರುವ ಕೊಂಡಿಯೇ ದುರ್ಬಲತೆ, ಅಂದರೆ ಪೆಟ್ಟು ತಾಳಲಾರದ ಸ್ಥಿತಿ. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪ ಬರೆಯಿರಿ. ಬೀದರ್, ಕಲಬುರಗಿಯವರಿಗೆ ಅದು ಪಕ್ಕದ ಜಿಲ್ಲೆಯ ಊರೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, 6.2 ತೀವ್ರತೆಯ ಕಂಪನ. ಸತ್ತವರು ಹತ್ತಿರಹತ್ತಿರ 10,000. 1989ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೇಟಾದಲ್ಲಿ ಕಂಪನ 6.9, ಸತ್ತವರು 63. ಕಂಪನದ ಆಳ, ಹೊತ್ತು ಎಲ್ಲ ಬೇರೆ, ನಿಜ. ಆದರೂ ಕಿಲ್ಲಾರಿಯಲ್ಲಿ ಕೊಂದದ್ದು ಮುಖ್ಯವಾಗಿ ಮನೆಗಳು.

ನಮ್ಮ ಕಡೆಯ ಜಂತಿ ಮನೆ ನೋಡಿದ್ದರೆ ಕಾರಣ ತಟ್ಟನೆ ಹೊಳೆಯುತ್ತದೆ. ಗೋಡೆಗೆ ಒಳಗೊಂದು, ಹೊರಗೊಂದು ಕಲ್ಲಿನ ಪದರ. ನಡುವೆ ಚೂರುಗಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಗಲ್ಲು ಇಲ್ಲ. ನೆಲ ನಡುಗಿದಾಗ ಪದರಗಳು ಬಿಟ್ಟುಕೊಂಡು ಗೋಡೆ ಹೊಟ್ಟೆ ಬಿಡುತ್ತದೆ, ಬಿರಿಯುತ್ತದೆ, ಮಾಳಿಗೆ ಕೆಳಗೆ ಬರುತ್ತದೆ. ಸೋರುತ್ತದೆಂದು ವರ್ಷವರ್ಷವೂ ಮಾಳಿಗೆಗೆ ಮಣ್ಣು ಪೇರಿಸಿರುತ್ತಾರೆ. 10×12 ಅಡಿ ಕೋಣೆಯ ಮೇಲೆ ಅರ್ಧ ಮೀಟರ್ ಮಣ್ಣೆಂದರೆ ಸುಮಾರು 9 ಟನ್! ಭಾರ ಹೆಚ್ಚಿದಷ್ಟೂ ಕಂಪನ ಗೋಡೆಯನ್ನು ಅಡ್ಡಕ್ಕೆ ಎಳೆಯುವ ಬಲವೂ ಹೆಚ್ಚು.

ಅಂದಿನ ಭೂಕಂಪ ನಕ್ಷೆ ಆ ಪ್ರದೇಶವನ್ನು ಅತಿ ಕಡಿಮೆ ಅಪಾಯದ ವಲಯ 1ರಲ್ಲಿಟ್ಟಿತ್ತು. 2002ರಲ್ಲಿ ಆ ವಲಯವನ್ನೇ ಕೈಬಿಟ್ಟರು.

ಗಂಡಾಂತರವನ್ನು ತಡೆಯಲಾಗದು, ಗೋಡೆಯನ್ನು ರಿಪೇರಿ ಮಾಡಬಹುದು. ಮೊದಲು ಮಾಳಿಗೆಯ ಮಣ್ಣನ್ನು ಗೇಣಿನಷ್ಟಕ್ಕೆ ಇಳಿಸಿ, ಸೋರದಂತೆ ಅದರಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹೊಸ ಗೋಡೆಯಾದರೆ ಎರಡೂ ಮುಖ ಮುಟ್ಟುವ ಉದ್ದಗಲ್ಲನ್ನು ಎತ್ತರದಲ್ಲಿ 60 ಸೆಂ.ಮೀ.ಗೊಂದು, ಉದ್ದದಲ್ಲಿ 1.2 ಮೀಟರಿಗೊಂದು ಇಡಬೇಕು. ಹಳೆಯ ಗೋಡೆಯಾದರೆ ಕಲ್ಲನ್ನು ಮೆಲ್ಲಗೆ ಸಡಿಲಿಸಿ ಆರಪಾರ ತೂತು ಮಾಡಿ, ತುದಿ ಬಾಗಿಸಿದ 8 ಮಿ.ಮೀ. ಸರಳು ಇಟ್ಟು ಕಾಂಕ್ರೀಟ್ ತುಂಬಬೇಕು. ಸುತ್ತಿಗೆಯಿಂದ ಬಡಿದರೆ ಅಕ್ಕಪಕ್ಕದ ಕಲ್ಲೂ ಸಡಿಲಾಗುತ್ತದೆ. ಬಹಳ ಮಂದಿ ಇದನ್ನೆಲ್ಲ ಬಿಟ್ಟು ಹೊರಗೆ ಸಿಮೆಂಟ್ ಗಿಲಾವು ಬಳಿಸಿ ಸುಮ್ಮನಾಗುತ್ತಾರೆ. ಅದರಿಂದ ಒಳಗಿನ ಪದರ ಬಿಟ್ಟಿರುವುದು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ.