ಕೂಗಿಕೊಳ್ಳದಿದ್ದುದು ಒಪ್ಪಿಗೆಯಲ್ಲ

ಪ್ರಶ್ನೆ: ನನಗೆ 26 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಮೂರು ವಾರಗಳ ಹಿಂದೆ ಸಹೋದ್ಯೋಗಿಯೊಬ್ಬನ ಮನೆಗೆ ನಾನಾಗಿಯೇ ಊಟಕ್ಕೆ ಹೋಗಿದ್ದೆ. ಅವನು ಬಲವಂತ ಮಾಡಿದಾಗ ಒಮ್ಮೆ ‘ಬೇಡ’ ಎಂದೆ. ಆಮೇಲೆ ಕೈಕಾಲು ಮರಗಟ್ಟಿ, ಎಲ್ಲ ಮುಗಿಯುವವರೆಗೂ ಸುಮ್ಮನಿದ್ದುಬಿಟ್ಟೆ. ಮರುದಿನ ‘ಸಾರಿ, ಯಾರಿಗೂ ಹೇಳಬೇಡ’ ಎಂದು ವಾಟ್ಸ್‌ಆ್ಯಪ್ ಮಾಡಿದ. ‘ನೀನೇ ಹೋಗಿದ್ದೆಯಲ್ಲ, ಕೂಗಬೇಕಿತ್ತು’ ಎನ್ನುತ್ತಾಳೆ ಗೆಳತಿ. ತಪ್ಪು ನನ್ನದೇ? ಈಗ ದೂರು ಕೊಡಬಹುದೇ? ಮನೆಯವರಿಗೆ ತಿಳಿದರೆ ಎಂಬ ಭಯವೂ ಇದೆ.

ಉತ್ತರ: ತಪ್ಪು ನಿಮ್ಮದಲ್ಲ. ನೀವು ಒಪ್ಪಿದ್ದು ಊಟಕ್ಕೆ ಮಾತ್ರ. ವಿಪರೀತ ಭಯದಲ್ಲಿ ದೇಹ ಮರಗಟ್ಟಿ ದನಿಯೇ ಹೊರಡದಿರುವುದು ಅನೇಕರ ಅನುಭವ. ನಿಮ್ಮ ಗೆಳತಿ ಆಡಿದಂಥ ಮಾತನ್ನು ಒಂದು ಕಾಲಕ್ಕೆ ನ್ಯಾಯಾಲಯವೂ ಆಡಿತ್ತು: 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾದ ಪ್ರಕರಣದಲ್ಲಿ, ಅವಳ ಮೈಮೇಲೆ ಗಾಯದ ಗುರುತಿಲ್ಲವೆಂಬುದನ್ನೂ ಕಾರಣ ಮಾಡಿಕೊಂಡು ಸುಪ್ರೀಂ ಕೋರ್ಟ್ 1979ರಲ್ಲಿ ಪೊಲೀಸರನ್ನು ಖುಲಾಸೆಗೊಳಿಸಿತು. ಅದರ ವಿರುದ್ಧ ಎದ್ದ ಪ್ರತಿಭಟನೆಯಿಂದ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಒಪ್ಪಿಗೆಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ವಇಚ್ಛೆಯಿಂದ ಸ್ಪಷ್ಟವಾಗಿ ತಿಳಿಸಿದ ಸಮ್ಮತಿ, ಮಹಿಳೆ ದೈಹಿಕವಾಗಿ ಪ್ರತಿರೋಧಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದ್ದಳೆಂದು ಭಾವಿಸುವಂತಿಲ್ಲ ಎಂಬ ವಿವರಣೆ 2013ರಲ್ಲಿ ಸೇರಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದು ಇದೆ. ನೀವಂತೂ ‘ಬೇಡ’ ಎಂದು ಬಾಯಿಬಿಟ್ಟು ಹೇಳಿದ್ದೀರಿ.

ಮೂರು ವಾರ ಕಳೆದದ್ದು ದೂರಿಗೆ ಅಡ್ಡಿಯಲ್ಲ. ತಡವೇಕೆಂದು ಕೇಳುತ್ತಾರೆ, ನನಗೆ ಬರೆದಷ್ಟೇ ನೇರವಾಗಿ ಹೇಳಿ. ಘಟನೆ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆ ಜೀರೋ ಎಫ್‌ಐಆರ್ ದಾಖಲಿಸಬೇಕು, ನಿಮ್ಮ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆ ಸಂದೇಶವನ್ನು, ಎಷ್ಟೇ ಅಸಹ್ಯವೆನಿಸಿದರೂ, ಅಳಿಸಬೇಡಿ. ಅಂದು ತೊಟ್ಟಿದ್ದ ಬಟ್ಟೆ ಒಗೆಯದೆ ಉಳಿದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಲ್ಲ, ಕಾಗದದ ಚೀಲದಲ್ಲಿಡಿ.

ನೀವು ವಯಸ್ಕರಾದ್ದರಿಂದ ದೂರಿಗೆ ಮನೆಯವರ ಅನುಮತಿ ಬೇಕಿಲ್ಲ, ನಿಮ್ಮ ಗುರುತನ್ನು ಪ್ರಕಟಿಸುವುದು ಅದೇ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಆದರೂ ವಿಚಾರಣೆ ಎಳೆದರೆ ಮನೆಯವರಿಂದ ಮುಚ್ಚಿಡುವುದು ಕಷ್ಟವೆಂಬುದನ್ನು ನಾನು ಮರೆಮಾಚಲಾರೆ. ಆದ್ದರಿಂದ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಅಥವಾ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದ ಆಪ್ತ ಸಮಾಲೋಚಕರೊಡನೆ ಮಾತಾಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಒದಗಿಸುತ್ತದೆ.

ದೂರಿನ ತೀರ್ಮಾನಕ್ಕೆ ಬೇಕಾದಷ್ಟು ಸಮಯ ತೆಗೆದುಕೊಳ್ಳಿ. ಆಸ್ಪತ್ರೆಗೆ ಮಾತ್ರ ಈ ವಾರವೇ ಹೋಗಿ: ಗರ್ಭಧಾರಣೆ, ಎಚ್‌ಐವಿ ಪರೀಕ್ಷೆಗಳಾಗಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಪೊಲೀಸರಿಗೆ ತಿಳಿಸುವ ಹೊಣೆ ಅದಕ್ಕಿದೆಯಾದರೂ, ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ನಿಮ್ಮ ಮೈ ಮುಟ್ಟಿ ಪರೀಕ್ಷಿಸುವಂತಿಲ್ಲ.